ವೆಂಟಿಲೇಟರ್ ರೋಗಿಯ ಶುಶ್ರೂಷೆ: ತರಬೇತಿಯ ಫಲವನ್ನು ಎಲ್ಲಿ ಅಳೆಯಬೇಕು?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗುವ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳಲ್ಲಿ ವೆಂಟಿಲೇಟರ್ ರೋಗಿಯ ಆರೈಕೆ ಮತ್ತೆ ಮತ್ತೆ ಬರುವ ವಿಷಯ. ಅನೇಕ ಪ್ರಬಂಧಗಳ ವಿನ್ಯಾಸವೂ ಒಂದೇ: ಪ್ರಶ್ನಾವಳಿಯಿಂದ ಪೂರ್ವಪರೀಕ್ಷೆ, ನಂತರ ಪಾಠ, ಕೆಲವು ದಿನ ಕಳೆದು ಅದೇ ಪ್ರಶ್ನಾವಳಿಯಿಂದ ಉತ್ತರಪರೀಕ್ಷೆ. ಅಂಕಗಳ ಏರಿಕೆ ತಿಳಿವಳಿಕೆಯನ್ನು ತೋರಿಸುತ್ತದೆ; ಹಾಸಿಗೆಯ ಬಳಿ ಏನು ಬದಲಾಯಿತೆಂಬುದನ್ನು ತೋರಿಸುವುದಿಲ್ಲ.

ಹಾಸನ ಜಿಲ್ಲೆಗೆ ಈ ವ್ಯತ್ಯಾಸ ಮುಖ್ಯ. ಬೂವನಹಳ್ಳಿಯಂಥ ಆಸುಪಾಸಿನ ಹಳ್ಳಿಗಳಿಂದಲೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಗಂಭೀರ ಸ್ಥಿತಿಯ ರೋಗಿಗಳು ಹಾಸನ ನಗರಕ್ಕೆ ಬರುತ್ತಾರೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಹಿಮ್ಸ್) ಇಲ್ಲಿನ ಸರ್ಕಾರಿ ವೈದ್ಯಕೀಯ ಬೋಧನಾ ಸಂಸ್ಥೆ. ಕೃಷಿ ಪ್ರದೇಶದ ಐಸಿಯುಗಳಿಗೆ ಆರ್ಗನೋಫಾಸ್ಫರಸ್ ಕೀಟನಾಶಕ ಸೇವಿಸಿದವರು ಬರುವುದುಂಟು. ವಿಷ ಸೇರಿದ ಸುಮಾರು 24ರಿಂದ 96 ಗಂಟೆಗಳೊಳಗೆ, ಚೇತರಿಸಿಕೊಂಡಂತೆ ಕಂಡವರಲ್ಲೂ ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮುನ್ಸೂಚನೆ. ಅದನ್ನು ಮೊದಲು ಗಮನಿಸಬಲ್ಲವರು ಪಾಳಿಯಲ್ಲಿರುವ ಶುಶ್ರೂಷಕಿಯರೇ.

ಹಾಗಾದರೆ ಏನನ್ನು ಅಳೆಯಬೇಕು? ತಲೆ ಎತ್ತಿಡಬಾರದೆಂಬ ವೈದ್ಯಕೀಯ ಕಾರಣವಿಲ್ಲದ ರೋಗಿಗೆ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿದೆಯೇ? ಉಸಿರುನಳಿಕೆಯ ಸುತ್ತಲಿನ ಗಾಳಿಚೀಲದ (ಕಫ್) ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿದೆಯೇ? ಒತ್ತಡ ಇಳಿದರೆ ಬಾಯಿಯ ಸ್ರಾವ ಶ್ವಾಸಕೋಶಕ್ಕೆ ಜಾರುತ್ತದೆ. ಏರಿದರೆ ಶ್ವಾಸನಾಳದ ಒಳಪೊರೆಗೆ ರಕ್ತದ ಹರಿವು ತಗ್ಗುತ್ತದೆ. ರೋಗಿಯ ಎತ್ತರವನ್ನು ಟೇಪಿನಿಂದ ಅಳೆದು ಬರೆದಿದ್ದಾರೆಯೇ? 2000ರಲ್ಲಿ ಪ್ರಕಟವಾದ, ತೀವ್ರ ಉಸಿರಾಟದ ವೈಫಲ್ಯದ ಕುರಿತ ಅಮೆರಿಕದ ಎಆರ್‌ಡಿಎಸ್ ಅಧ್ಯಯನದಲ್ಲಿ ಪ್ರತಿ ಉಸಿರಿನ ಗಾತ್ರವನ್ನು ದೇಹತೂಕದ ಕಿಲೋಗೆ 12ರ ಬದಲು 6 ಮಿಲಿಲೀಟರಿನಂತೆ ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿಯಿತು. ಆ ಲೆಕ್ಕಕ್ಕೆ ಬೇಕಾದ ತೂಕ ತಕ್ಕಡಿಯದಲ್ಲ, ಎತ್ತರದಿಂದ ಅಂದಾಜಿಸಿದ್ದು.

ಇವನ್ನು ಮುನ್ಸೂಚನೆಯಿಲ್ಲದೆ, ಹಗಲು–ರಾತ್ರಿ ಎರಡೂ ಪಾಳಿಗಳಲ್ಲಿ, ತರಬೇತಿಗೆ ಮುನ್ನ ಮತ್ತು ಒಂದು, ಮೂರು ತಿಂಗಳ ಬಳಿಕ ವೀಕ್ಷಿಸಬೇಕು. ಒಂದು ಐಸಿಯುವಿಗೆ ಮೊದಲು, ಇನ್ನೊಂದಕ್ಕೆ ನಂತರ ತರಬೇತಿ ಕೊಟ್ಟರೆ ಹೋಲಿಕೆಯೂ ಸಿಗುತ್ತದೆ. ಪ್ರತಿ ವೀಕ್ಷಣೆಯೊಂದಿಗೆ, ಆ ಪಾಳಿಯಲ್ಲಿ ಒಬ್ಬ ಶುಶ್ರೂಷಕಿಗೆ ಎಷ್ಟು ವೆಂಟಿಲೇಟರ್ ರೋಗಿಗಳಿದ್ದರೆಂಬುದನ್ನೂ ದಾಖಲಿಸಬೇಕು. ಒಬ್ಬ ರೋಗಿಗೆ ಒಬ್ಬರು ಎಂಬುದು ಅಪೇಕ್ಷಿತ ಅನುಪಾತ. ಮೂವರನ್ನು ಒಬ್ಬರೇ ನೋಡಿಕೊಳ್ಳುವಾಗ ತಪ್ಪಿದ ಕೆಲಸವನ್ನು ಅಜ್ಞಾನವೆಂದು ಬರೆಯುವುದು ಅನ್ಯಾಯ. ಅಲ್ಲಿ ಇನ್ನೊಂದು ಪಾಠಕ್ಕಿಂತ ಇನ್ನೊಬ್ಬ ಶುಶ್ರೂಷಕಿ ಅಗತ್ಯ. ತಿಳಿವಳಿಕೆಯ ಕೊರತೆ, ಸಿಬ್ಬಂದಿಯ ಕೊರತೆ ಎರಡನ್ನೂ ಬೇರ್ಪಡಿಸಿ ತೋರಿಸುವ ಅಧ್ಯಯನ ಮಾತ್ರವೇ ಆಸ್ಪತ್ರೆಯ ಆಡಳಿತಕ್ಕೆ ಉಪಯೋಗಕ್ಕೆ ಬಂದೀತು.