ಬದಲಿ ಸರ್ವರ್ ಇಲ್ಲದ ಕಡೆ: ಹೈಪರ್‌ವೈಸರ್ ಭದ್ರತೆ ಮತ್ತು ಪೀಣ್ಯದ ಸಣ್ಣ ಕೈಗಾರಿಕೆಗಳು

2023ರ ಫೆಬ್ರುವರಿ ಮೊದಲ ವಾರ ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ಹೈಪರ್‌ವೈಸರ್ ತಂತ್ರಾಂಶವಾದ ವಿಎಂವೇರ್ ಇಎಸ್‌ಎಕ್ಸ್‌ಐ ಇದ್ದ ಸರ್ವರ್‌ಗಳ ಮೇಲೆ ‘ಇಎಸ್‌ಎಕ್ಸ್‌ಐಆರ್ಗ್ಸ್’ ಎಂಬ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಜಗತ್ತಿನಾದ್ಯಂತ 3,800ಕ್ಕೂ ಹೆಚ್ಚು ಸರ್ವರ್‌ಗಳು ತುತ್ತಾದವೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತು ಎಫ್‌ಬಿಐ ಲೆಕ್ಕ ಕೊಟ್ಟವು. ದಾಳಿಕೋರರು ನುಗ್ಗಿದ ದಾರಿಯೆಂದು ಫ್ರಾನ್ಸಿನ ಸರ್ಕಾರಿ ಸೈಬರ್ ತುರ್ತು ತಂಡ ಸರ್ಟ್-ಎಫ್‌ಆರ್ ಬೊಟ್ಟುಮಾಡಿದ್ದು ಓಪನ್‌ಎಸ್‌ಎಲ್‌ಪಿ ಸೇವೆಯಲ್ಲಿದ್ದ ಸಿವಿಇ-2021-21974 ಎಂಬ ದೋಷವನ್ನು. ಅದರ ಪ್ಯಾಚ್ 2021ರ ಫೆಬ್ರುವರಿ 23ರಂದೇ ಬಿಡುಗಡೆಯಾಗಿತ್ತು. ಮದ್ದು ಕೈಗೆ ಬಂದು ಎರಡು ವರ್ಷವಾದ ಮೇಲೂ ಸಾವಿರಾರು ಸರ್ವರ್‌ಗಳು ಹಾಗೆಯೇ ಉಳಿದದ್ದೇಕೆ? ನಿರ್ಲಕ್ಷ್ಯ ಎಂಬುದು ಸುಲಭದ ಉತ್ತರ. ಅದು ಸಾಲದು ಎಂಬುದು ಈ ಲೇಖನದ ವಾದ. ಪ್ಯಾಚ್ ಹಾಕುವಾಗ ಕೆಲಸವನ್ನು ಹೊರಲು ಇನ್ನೊಂದು ಸರ್ವರ್ ಇದೆಯೇ ಎಂಬುದು ದೋಷ ಎಷ್ಟು ಕಾಲ ಬದುಕಿರುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಬೆಂಗಳೂರಿನ ಹೊರವಲಯದಲ್ಲಿ, ಅದರಲ್ಲೂ ಪೀಣ್ಯದಲ್ಲಿ, ಭದ್ರತೆಯ ಚರ್ಚೆ ಅಲ್ಲಿಂದ ಶುರುವಾಗಬೇಕು.

ದೋಷದ ಬಗೆಯನ್ನು ಹತ್ತಿರದಿಂದ ನೋಡೋಣ. ಎಸ್‌ಎಲ್‌ಪಿ ಎಂಬುದು ನೆಟ್‌ವರ್ಕಿನಲ್ಲಿ ಯಾವ ಸೇವೆ ಎಲ್ಲಿದೆ ಎಂದು ಹುಡುಕಿಕೊಡುವ ಹಳೆಯ ವ್ಯವಸ್ಥೆ. 427ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಅಲ್ಲಿಗೆ ಅಳತೆ ಮೀರಿದ ಸಂದೇಶ ಕಳಿಸಿದರೆ ಮೆಮೊರಿಯ ಗಡಿ ಮುರಿದು, ಪಾಸ್‌ವರ್ಡ್ ಇಲ್ಲದೆಯೇ ಹೈಪರ್‌ವೈಸರ್ ಮೇಲೆ ಹೊರಗಿನವರ ಆಜ್ಞೆ ನಡೆಯುತ್ತದೆ. ಮುಂದೆ ಒಂದು ಚಿಕ್ಕ ಸ್ಕ್ರಿಪ್ಟ್ ಓಡುತ್ತಿರುವ ವರ್ಚುವಲ್ ಯಂತ್ರಗಳನ್ನು ಕೊಂದು, ಅವುಗಳ ವಿಎಂಡಿಕೆ, ವಿಎಂಎಕ್ಸ್ ಮುಂತಾದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿತು. ಒಳಗಿನ ವಿಂಡೋಸ್‌ನಲ್ಲಿ ಎಷ್ಟೇ ಒಳ್ಳೆಯ ಆ್ಯಂಟಿವೈರಸ್ ಇದ್ದರೂ ತನ್ನ ಕೆಳಗೆ ನಡೆದದ್ದು ಅದಕ್ಕೆ ಕಾಣುವುದೇ ಇಲ್ಲ. ಮೊದಲ ಅಲೆಯಲ್ಲಿ ದತ್ತಾಂಶ ಹೊತ್ತ ದೊಡ್ಡ ‘ಫ್ಲ್ಯಾಟ್’ ಕಡತಗಳು ಎಷ್ಟೋ ಕಡೆ ಉಳಿದುಕೊಂಡಿದ್ದವು. ಅವುಗಳಿಂದ ಯಂತ್ರಗಳನ್ನು ಮರುಕಟ್ಟುವ ಸ್ಕ್ರಿಪ್ಟನ್ನು ಸಿಸಾ ಕೆಲವೇ ದಿನಗಳಲ್ಲಿ ಪ್ರಕಟಿಸಿತು. ದಾಳಿಕೋರರು ಕೂಡಲೇ ತಮ್ಮ ಸ್ಕ್ರಿಪ್ಟ್ ಬದಲಿಸಿ ಆ ದಾರಿಯನ್ನೂ ಮುಚ್ಚಿದರು. ದಾಳಿಯ ನಂತರದ ಪರಿಹಾರವನ್ನು ನೆಚ್ಚಿಕೊಳ್ಳಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ದೊಡ್ಡ ಕಂಪನಿಗಳಲ್ಲಿ ಸರ್ವರ್‌ಗಳು ಕ್ಲಸ್ಟರ್ ಆಗಿರುತ್ತವೆ. ಒಂದನ್ನು ಖಾಲಿಮಾಡಿ, ಅದರ ವರ್ಚುವಲ್ ಯಂತ್ರಗಳನ್ನು ಓಡುತ್ತಿರುವಂತೆಯೇ ಪಕ್ಕದ್ದಕ್ಕೆ ಸಾಗಿಸಿ, ಪ್ಯಾಚ್ ಹಾಕಿ ಮರಳಿ ತರುತ್ತಾರೆ. ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ಈಗ ಬಿಡಿಭಾಗ ಮಾಡಿ ಪೂರೈಸುವ ಪೀಣ್ಯದ ಒಂದು ಘಟಕವನ್ನು ಎಣಿಸಿಕೊಳ್ಳಿ. ಒಂದೇ ಸರ್ವರ್, ಅದರ ಮೇಲೆ ಟ್ಯಾಲಿ, ಇಆರ್‌ಪಿ, ಸಿಎನ್‌ಸಿ ಯಂತ್ರಗಳಿಗೆ ಹೋಗುವ ಡ್ರಾಯಿಂಗು, ಹಾಜರಾತಿ ಎಲ್ಲವೂ. ಪ್ಯಾಚ್ ಹಾಕಬೇಕೆಂದರೆ ಎಲ್ಲವನ್ನೂ ನಿಲ್ಲಿಸಬೇಕು. ಆ ಹೊತ್ತಿಗೆ ಇ-ವೇ ಬಿಲ್ ತೆಗೆಯಲಾಗದೆ ಮಾಲು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಪ್ಯಾಚ್ ಕೈಕೊಟ್ಟರೆ ಹಿಂದಕ್ಕೆ ಹೋಗಲು ನೆಲೆಯಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದದ (ಎಎಂಸಿ) ಮೇಲೆ ಬರುವ ತಂತ್ರಜ್ಞನೂ ಓಡುತ್ತಿರುವುದನ್ನು ಮುಟ್ಟಲು ಹಿಂಜರಿಯುತ್ತಾನೆ. ಅವನ ಸ್ಥಾನದಲ್ಲಿ ಅದು ವಿವೇಕವೇ. ಹೈಪರ್‌ವೈಸರ್ ತಂತ್ರಾಂಶದ ಎಂಜಿನಿಯರಿಂಗ್ ಕೇಂದ್ರಗಳಿರುವ ಊರಿನಲ್ಲೇ ಅದರ ಪ್ಯಾಚ್ ಹೀಗೆ ತಡೆದು ನಿಲ್ಲುವುದು ನಾವು ಒಪ್ಪಿಕೊಂಡು ಸುಮ್ಮನಿರಬೇಕಾದ ಸಂಗತಿಯಲ್ಲ.

ಮ್ಯಾನೇಜ್‌ಮೆಂಟ್ ಇಂಟರ್ಫೇಸನ್ನು ಇಂಟರ್ನೆಟ್ಟಿಗೆ ತೆರೆದಿಡದಿದ್ದರೆ ಸಾಕಲ್ಲವೇ ಎಂಬ ಆಕ್ಷೇಪ ಬರುತ್ತದೆ. ಅದು ಅಗತ್ಯವಾದ ಕೆಲಸ, ಎಸ್‌ಎಲ್‌ಪಿ ಸೇವೆಯನ್ನು ನಿಲ್ಲಿಸುವುದೂ ಅಷ್ಟೇ ಅಗತ್ಯ. ಎರಡನ್ನೂ ಖರ್ಚಿಲ್ಲದೆ ಇಂದೇ ಮಾಡಬಹುದು. ಆದರೆ ಅವುಗಳ ಮಿತಿಯನ್ನು ನಂತರದ ಘಟನೆಗಳು ತೋರಿಸಿವೆ. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಿವರಿಸಿದ ಸಿವಿಇ-2024-37085 ದೋಷದಲ್ಲಿ, ಆಕ್ಟಿವ್ ಡೈರೆಕ್ಟರಿಯಲ್ಲಿ ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಹೆಸರಿನ ಗುಂಪನ್ನು ಸೃಷ್ಟಿಸಿದವರಿಗೆ ಆ ಡೊಮೇನಿಗೆ ಸೇರಿಸಿದ ಹೈಪರ್‌ವೈಸರ್ ಪೂರ್ತಿ ವಶವಾಗುತ್ತಿತ್ತು. ಮೊದಲು ಒಳಗಿನ ಒಂದು ಕಂಪ್ಯೂಟರನ್ನು ಹಿಡಿದವರಿಗೆ ಇಂಟರ್ನೆಟ್ಟಿನ ಬಾಗಿಲು ಬೇಕಾಗಲಿಲ್ಲ. 2025ರ ಮಾರ್ಚ್ 4ರಂದು ಪ್ರಕಟವಾದ ಸಿವಿಇ-2025-22224 ಇನ್ನೂ ಆಳದ್ದು: ವರ್ಚುವಲ್ ಯಂತ್ರದೊಳಗೆ ಅಡ್ಮಿನ್ ಅಧಿಕಾರ ಪಡೆದವರು ಅಲ್ಲಿಂದ ಕೆಳಗಿನ ಹೋಸ್ಟ್‌ಗೆ ಇಳಿಯಬಹುದಿತ್ತು, ಪ್ಯಾಚ್ ಬರುವ ಮುನ್ನವೇ ಅದನ್ನು ಬಳಸಲಾಗುತ್ತಿತ್ತು. ಇಲ್ಲಿ ಗೋಡೆಯ ಎತ್ತರಕ್ಕಿಂತ ಪ್ಯಾಚ್ ಹಾಕುವ ವೇಗವೇ ಮುಖ್ಯ. ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಮೇಲೆ ಶಾಶ್ವತ ಲೈಸೆನ್ಸ್ ಮಾರಾಟ ನಿಂತಿದ್ದರಿಂದ ಮುಕ್ತ ತಂತ್ರಾಂಶಕ್ಕೆ ಹೊರಳುವ ಮಾತೂ ಕೇಳುತ್ತಿದೆ. ವೆಚ್ಚದ ದೃಷ್ಟಿಯಿಂದ ಅದು ಸರಿಯಿರಬಹುದು. ಪ್ಯಾಚ್‌ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 2015ರಲ್ಲಿ ಜೇಸನ್ ಗೆಫ್ನರ್ ಬಯಲಿಗೆಳೆದ ‘ವೆನಮ್’ ದೋಷ ಕ್ಯೂಎಂಯುವಿನ ವರ್ಚುವಲ್ ಫ್ಲಾಪಿ ನಿಯಂತ್ರಕದಲ್ಲಿ 2004ರಿಂದಲೂ ಕೂತಿತ್ತು. ಮುಕ್ತ ಹೈಪರ್‌ವೈಸರ್‌ಗಳಾದ ಕೆವಿಎಂ, ಜೆನ್ ಎರಡಕ್ಕೂ ಅದು ತಗುಲಿತು.

ಎಲ್ಲವನ್ನೂ ಕ್ಲೌಡಿಗೆ ಸಾಗಿಸಿ ಎನ್ನುವವರ ವಾದಕ್ಕೆ ಹೆಚ್ಚು ತೂಕವಿದೆ. 2014ರ ಸೆಪ್ಟೆಂಬರ್ ಕೊನೆಯಲ್ಲಿ ಜೆನ್ ದೋಷವೊಂದು ಬಹಿರಂಗವಾಗುವ ಮೊದಲೇ ಅಮೆಜಾನ್ ತನ್ನ ಸರ್ವರ್‌ಗಳಲ್ಲಿ ಒಂದು ಪಾಲನ್ನು ಮರುಚಾಲನೆ ಮಾಡಿ ಮುಗಿಸಿತ್ತು. ಲೆಕ್ಕಪತ್ರ, ಇಮೇಲ್ ಅಲ್ಲಿಗೆ ಹೋಗಲಿ. ಆದರೆ ಶಾಪ್‌ಫ್ಲೋರಿನ ಯಂತ್ರಕ್ಕೆ ಅಂಟಿದ ತಂತ್ರಾಂಶ, ಹೊರಗೆ ಕಳಿಸಬಾರದೆಂದು ಗ್ರಾಹಕರೇ ಷರತ್ತು ಹಾಕಿದ ಡ್ರಾಯಿಂಗು ಕಾರ್ಖಾನೆಯಲ್ಲೇ ಉಳಿಯುತ್ತವೆ, ಮತ್ತು ಅಪಾಯ ಇರುವುದೂ ಅಲ್ಲೇ.

ಆದ್ದರಿಂದ ಬದಲಿ ಸರ್ವರನ್ನು ಸಾಮೂಹಿಕ ಸೌಲಭ್ಯವಾಗಿ ನೋಡಬೇಕು. ಸಣ್ಣ ಕೈಗಾರಿಕೆಗಳ ಸಮೂಹಕ್ಕೆ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಲು ಕೇಂದ್ರ ಸರ್ಕಾರದ ಎಂಎಸ್‌ಇ-ಸಿಡಿಪಿ ಯೋಜನೆಯಿದೆ. ಅಳತೆ-ಪರೀಕ್ಷಾ ಉಪಕರಣಗಳನ್ನು ಹಂಚಿಕೊಳ್ಳುವ ತರ್ಕವೇ ಇದಕ್ಕೂ ಒಪ್ಪುತ್ತದೆ. ಪೀಣ್ಯ ಕೈಗಾರಿಕಾ ಸಂಘದಂತಹ ಸಂಸ್ಥೆ ಕೆಲವು ಸರ್ವರ್‌ಗಳನ್ನಿಟ್ಟುಕೊಂಡು ಸರದಿಯ ಮೇಲೆ ಕಾರ್ಖಾನೆಗೇ ಒಯ್ದರೆ, ಭಾನುವಾರ ವರ್ಚುವಲ್ ಯಂತ್ರಗಳನ್ನು ಅದಕ್ಕೆ ಸರಿಸಿ, ಮೂಲ ಸರ್ವರಿಗೆ ಪ್ಯಾಚ್ ಹಾಕಿ, ಪರೀಕ್ಷಿಸಿ ಮರಳಿಸಬಹುದು. ದತ್ತಾಂಶ ಆವರಣ ದಾಟುವುದಿಲ್ಲ. ಸರ್ವರ್ ಹೊರಡುವ ಮುನ್ನ ಡಿಸ್ಕ್ ಅಳಿಸಿ ಸಹಿ ಹಾಕಿಸಿಕೊಂಡರೆ ಗೋಪ್ಯತೆಯ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ಅದೇ ಭೇಟಿಯಲ್ಲಿ ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ತಿರುಗಿಸಬೇಕು. ಭಾರತದ ಸೈಬರ್ ತುರ್ತು ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 6 ಗಂಟೆಯೊಳಗೆ ದಾಳಿಯ ವರದಿ, 180 ದಿನಗಳ ಲಾಗ್ ಕೇಳಿದೆ. ಯುಎಸ್‌ಬಿಯಿಂದ ಬೂಟ್ ಆಗುವ ಇಎಸ್‌ಎಕ್ಸ್‌ಐನಲ್ಲಿ ಲಾಗ್‌ಗೆ ಶಾಶ್ವತ ಜಾಗ ತೋರಿಸದಿದ್ದರೆ ಒಂದು ಮರುಚಾಲನೆಗೆ ಅವೆಲ್ಲ ಅಳಿಸಿಹೋಗುತ್ತವೆ. ಓಡುತ್ತಿರುವಂತೆಯೇ ಸಾಗಿಸಲು ಎರಡೂ ಕಡೆ ಒಂದೇ ತಯಾರಕರ ಪ್ರೊಸೆಸರ್ ಬೇಕು, ವಿಎಂವೇರಿನಲ್ಲಾದರೆ ತಕ್ಕ ಲೈಸೆನ್ಸೂ ಬೇಕು. ಇಲ್ಲದಿದ್ದರೆ ನಿಲ್ಲಿಸಿ ನಕಲು ಮಾಡುವುದೇ ದಾರಿ. ಹಾಗಾಗಿ ಸಂಘದ ಮೊದಲ ಕೆಲಸ ಸದಸ್ಯರಲ್ಲಿ ಯಾರ ಬಳಿ ಯಾವ ಪ್ರೊಸೆಸರ್, ಯಾವ ಆವೃತ್ತಿ ಇದೆಯೆಂಬ ಪಟ್ಟಿ ಮಾಡುವುದು. 2025ರ ಅಕ್ಟೋಬರ್ 2ಕ್ಕೆ ಸಾಮಾನ್ಯ ಬೆಂಬಲ ಮುಗಿದ, ಇಎಸ್‌ಎಕ್ಸ್‌ಐ ಒಳಗೊಂಡ ವಿಸ್ಫಿಯರ್ 7ರಲ್ಲೇ ಇನ್ನೂ ಯಾರು ಉಳಿದಿದ್ದಾರೆಂಬುದು ಆ ಪಟ್ಟಿಯಲ್ಲೇ ತಿಳಿಯುತ್ತದೆ. ಬದಲಿ ಸರ್ವರ್ ಮೊದಲು ಹೋಗಬೇಕಾದದ್ದು ಅವರ ಬಾಗಿಲಿಗೆ.