ಇಂಗ್ಲಿಷ್ ಮೇಷ್ಟ್ರ ತರಬೇತಿಯಲ್ಲಿ ಓದಿಗೆ ಸಿಕ್ಕ ಜಾಗ

ಶಾಲೆಗೆ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ನಡುವೆಯೇ ಓದು ಬಿಡುತ್ತಾರೆ. ಹಾಗೆ ಬಿಟ್ಟ ದಿನ ಅವರ ಕೈಯಲ್ಲಿ ಎಷ್ಟು ಇಂಗ್ಲಿಷ್ ಉಳಿದಿರುತ್ತದೆ? ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ ಈ ಪ್ರಶ್ನೆಯನ್ನು ಎತ್ತಿದ್ದು 1920ರ ದಶಕದಲ್ಲಿ. ಅರೆಬರೆ ಕಲಿತ ಮಾತು ಯಾವ ಕೆಲಸಕ್ಕೂ ಬಾರದು, ಅರೆಬರೆ ಕಲಿತ ಓದು ಅಷ್ಟರಮಟ್ಟಿಗಾದರೂ ದಕ್ಕುತ್ತದೆ ಎಂಬುದು ಅವರ ಲೆಕ್ಕಾಚಾರ. ಬಂಗಾಳದ ಹಳ್ಳಿಯ ಹುಡುಗನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಎದುರಿಗೆ ಜನವಿಲ್ಲ, ಪುಸ್ತಕವಾದರೆ ಹೇಗೋ ಸಿಗುತ್ತದೆ. ಆದ್ದರಿಂದ ಓದು ಮೊದಲು, ಮಾತು ಆಮೇಲೆ ಎಂದು 1926ರಲ್ಲಿ ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ವಾದಿಸಿದರು. ವಾದಿಸಿ ಸುಮ್ಮನಾಗದೆ, ಹೊಸ ಪದಗಳನ್ನು ಅಳೆದು ಸುರಿದು, ಬಂದ ಪದ ಮತ್ತೆ ಮತ್ತೆ ಬರುವಂತೆ ಹೆಣೆದ ‘ನ್ಯೂ ಮೆಥಡ್’ ವಾಚಕಗಳನ್ನೂ ಬರೆದರು. ಅತಿ ಬಳಕೆಯ ಸುಮಾರು 2,000 ಪದಗಳ ಅವರ ಪಟ್ಟಿ 1953ರಲ್ಲಿ ಹೊರಬಂತು. ಇಂದಿಗೂ ಮಕ್ಕಳ ಸರಳ ಇಂಗ್ಲಿಷ್ ಕಥೆಪುಸ್ತಕಗಳ ಹಿಂದೆ ಅದರ ನೆರಳಿದೆ.

ಭಾರತದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಯ ಮುಂದಿನ ನಡೆಯನ್ನು ನೋಡಿದರೆ, ವೆಸ್ಟ್ ಹೇಳಿದ್ದನ್ನು ಮರೆತು, ಊರೆಲ್ಲ ಸುತ್ತಿ, ಕೊನೆಗೆ ಅಲ್ಲಿಗೇ ಮರಳಿದಂತಿದೆ. ಹಾಗೆ ಮರಳುವಾಗಲೂ ಒಂದನ್ನು ಬಿಟ್ಟು ಬಂದಿದ್ದೇವೆ: ಮೇಷ್ಟ್ರ ಸ್ವಂತ ಓದು.

ವೆಸ್ಟ್ ಅವರಿಗೂ ಹಿಂದಿನದನ್ನು ಬೇಗ ಹೇಳಿ ಮುಗಿಸಬಹುದು. 1854ರ ವುಡ್ ನಿರೂಪದ ನಂತರ ಶಿಕ್ಷಕರಿಗಾಗಿ ನಾರ್ಮಲ್ ಶಾಲೆಗಳೇನೋ ಎದ್ದವು, ಇಂಗ್ಲಿಷ್ ಪಾಠ ಮಾತ್ರ ವ್ಯಾಕರಣ, ಭಾಷಾಂತರ, ಬಾಯಿಪಾಠಗಳಲ್ಲೇ ನಡೆಯಿತು. ಆದರೂ ಆ ಕಾಲದ ಕಾಲೇಜುಗಳು ಒಂದು ತಳಿಯ ಮೇಷ್ಟ್ರನ್ನು ಕೊಟ್ಟವು. ಬಿ.ಎಂ. ಶ್ರೀಕಂಠಯ್ಯನವರಿಂದ ಗೋಕಾಕ, ಅಡಿಗ, ಕುರ್ತಕೋಟಿ, ಲಂಕೇಶ್, ಅನಂತಮೂರ್ತಿಯವರವರೆಗೆ ಹೊಸಗನ್ನಡ ಸಾಹಿತ್ಯದ ದೊಡ್ಡ ಪಾಲನ್ನು ಬರೆದವರು ಇಂಗ್ಲಿಷ್ ಮೇಷ್ಟ್ರುಗಳೇ. ಅವರನ್ನು ರೂಪಿಸಿದ್ದು ಬೋಧನಾ ವಿಧಾನದ ತರಬೇತಿಯಲ್ಲ, ಓದಿನ ಚಟ. ಆದರೆ ಅವರು ಪಾಠ ಹೇಳಿದ್ದು ಕಾಲೇಜಿನಲ್ಲಿ. ಎಬಿಸಿಡಿ ಹೇಳಿಕೊಡುವ ಪ್ರಾಥಮಿಕ ಶಾಲೆಯ ಮೇಷ್ಟ್ರ ಕಡೆಗೆ ಯಾರ ಗಮನವೂ ಹರಿದಿರಲಿಲ್ಲ.

ಅದು ಹರಿದದ್ದು ಸ್ವಾತಂತ್ರ್ಯದ ನಂತರ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು, ಇಂದಿನ ಇಫ್ಲು ವಿಶ್ವವಿದ್ಯಾಲಯ ಅದರದೇ ಬೆಳವಣಿಗೆ. ಆರಂಭದ ವರ್ಷಗಳಲ್ಲಿ ಅದನ್ನು ನಡೆಸಿದವರು ವಿ.ಕೃ. ಗೋಕಾಕರು. ಮುಂದೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೇಳಿದ 1981ರ ವರದಿಯ ಮೇಲೆ ಇರುವುದೂ ಅವರದೇ ಹೆಸರು. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ, ನನಗೆ ಕಾಣುವುದಿಲ್ಲ. ಎರಡು ಭಾಷೆಯ ಓದನ್ನೂ ಬಲ್ಲವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರುತ್ತದೆ. 1963ರಲ್ಲಿ ದಕ್ಷಿಣದ ರಾಜ್ಯಗಳು ಕೂಡಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕಟ್ಟಿದವು. ಅಂದಿನಿಂದ ಜಿಲ್ಲೆಜಿಲ್ಲೆಯ ಶಿಕ್ಷಕರು ಬಂದು ಕಲಿತು ಹೋಗುವ ಜಾಗ ಅದು.

ಆ ಹೊತ್ತಿಗೆ ಚಲಾವಣೆಯಲ್ಲಿದ್ದದ್ದು ರಚನಾತ್ಮಕ ವಿಧಾನ. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೂ ವಸ್ತು ತೋರಿಸಿ, ಬಾಯಲ್ಲಿ ಹೇಳಿಸಿ, ನಾಲಿಗೆಗೆ ಕೂರಿಸುವುದು. ಪೆನ್ನು ಮೇಜಿನ ಮೇಲಿದೆ, ಪೆನ್ನು ಮೇಜಿನ ಕೆಳಗಿದೆ. ಇದನ್ನು ಊರೂರಿಗೆ ಒಯ್ಯಲು 1950ರ ದಶಕದ ಕೊನೆಯಲ್ಲಿ ಮದ್ರಾಸು ರಾಜ್ಯದಲ್ಲಿ ದೊಡ್ಡ ಆಂದೋಲನವೇ ನಡೆಯಿತು. ಗುರಿ 27,000 ಶಿಕ್ಷಕರು. ಕೆಲವರಿಗೆ ಕಲಿಸಿ, ಅವರು ಹಲವರಿಗೆ, ಆ ಹಲವರು ಉಳಿದವರಿಗೆ ಕಲಿಸುವ ಈ ಏರ್ಪಾಟಿಗೆ ಉರುಳುತ್ತ ದಪ್ಪವಾಗುವ ಹಿಮದುಂಡೆಯ ಹೆಸರಿಟ್ಟಿದ್ದರು. ಮದ್ರಾಸಿನ ಬಿಸಿಲಿಗೆ ಹಿಮದುಂಡೆ ಏನಾದೀತು ಎಂದು ಹೆಸರಿಟ್ಟವರು ಯೋಚಿಸಿರಲಿಕ್ಕಿಲ್ಲ. ಮಾಸ್ಟರ್ ಟ್ರೈನರ್, ಸಂಪನ್ಮೂಲ ವ್ಯಕ್ತಿ, ಅನ್ಯಕಾರ್ಯ ನಿಮಿತ್ತ ರಜೆ, ಮಧ್ಯಾಹ್ನದ ಊಟ, ಸಂಜೆಗೊಂದು ಪ್ರಮಾಣಪತ್ರ ಎಂದು ನಾವು ಇಂದು ಕಾಣುವ ತರಬೇತಿಗಳ ಮೂಲಪುರುಷ ಈ ಆಂದೋಲನ. ಮೇಲಿನ ಹಂತದಲ್ಲಿ ಕಾರಣ ಸಮೇತ ಹೇಳಿದ್ದು ಕೆಳಗಿಳಿಯುವಾಗ ಕಾರಣ ಕಳೆದುಕೊಂಡು ಬರಿಯ ವಿಧಿಯಾಗುತ್ತದೆ. ಪೆನ್ನು ಮೇಜಿನ ಮೇಲೇ ಉಳಿಯುತ್ತದೆ, ಯಾಕಿದೆ ಎಂಬುದು ಮೇಷ್ಟ್ರಿಗೂ ತಿಳಿಯದು.

ಇನ್ನೂ ದೊಡ್ಡ ತಮಾಷೆಯೆಂದರೆ, 1964–66ರ ಕೊಠಾರಿ ಆಯೋಗ ಇಂಗ್ಲಿಷನ್ನು ಗ್ರಂಥಾಲಯ ಭಾಷೆಯಾಗಿ ಕಂಡಿತ್ತು. ಅಂದರೆ ನೀತಿಯ ಮಟ್ಟದಲ್ಲಿ ಬೇಕಾಗಿದ್ದದ್ದು ಓದು, ತರಗತಿಯಲ್ಲಿ ನಡೆದದ್ದು ಬಾಯಿಮಾತಿನ ಕವಾಯತು. ಓದು ತಾನಾಗಿ ಬರುತ್ತದೆ ಎಂದು ಎಲ್ಲರೂ ನಂಬಿದಂತಿತ್ತು.

ಈ ಕವಾಯತಿನ ಬಗ್ಗೆ ಒಳಗಿನಿಂದಲೇ ಅನುಮಾನಪಟ್ಟವರು ಎನ್.ಎಸ್. ಪ್ರಭು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಮಾಮೂಲಿ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಲ್ಲೆಲ್ಲ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆಯಂಥದ್ದನ್ನು ಕೊಡುವುದು. ಇಂಥ ಊರಿಗೆ ಇಷ್ಟು ಗಂಟೆಯೊಳಗೆ ತಲುಪಲು ಯಾವ ರೈಲು ಹತ್ತಬೇಕು ಎಂದು ಕೇಳುವುದು. ಮೊದಲು ಇಡೀ ತರಗತಿಯೊಡನೆ ಮೇಷ್ಟ್ರು ಅಂಥದೇ ಒಂದು ಲೆಕ್ಕ ಬಿಡಿಸುತ್ತಾರೆ, ಆಮೇಲೆ ಪ್ರತಿ ಮಗುವೂ ತಾನೇ ಓದಿ ಬಿಡಿಸಬೇಕು. ನೋಡುವುದು ಉತ್ತರ ಸರಿಯೇ ಎಂದು, ವ್ಯಾಕರಣ ಸರಿಯೇ ಎಂದಲ್ಲ. ಅರ್ಥದ ಬೆನ್ನು ಹತ್ತಿದ ಮನಸ್ಸಿನಲ್ಲಿ ಭಾಷೆ ತಾನಾಗಿ ಬೇರೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಗುಂಪು ಚಟುವಟಿಕೆ ಫ್ಯಾಷನ್ನಾಗುತ್ತಿದ್ದ ಕಾಲದಲ್ಲಿ ಅವರು ಅದನ್ನು ದೂರ ಇಟ್ಟಿದ್ದರು: ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಕಿವಿಗೆ ಬೀಳುವುದು ಪರಸ್ಪರರ ತಪ್ಪು ಇಂಗ್ಲಿಷೇ ತಾನೆ? 1987ರಲ್ಲಿ ಈ ಅನುಭವ ಪುಸ್ತಕವಾಯಿತು, ಕಾರ್ಯಾಧಾರಿತ ಬೋಧನೆಯ ಚರ್ಚೆ ಇಂದಿಗೂ ಅಲ್ಲಿಂದಲೇ ಶುರುವಾಗುತ್ತದೆ.

ಹೊರಗಿನವರು ಬಂದು ಅಳೆದಾಗ ಇನ್ನೊಂದು ಮುಖವೂ ಕಂಡಿತು. ಯೋಜನೆಯ ತಂಡದವರ ಕೈಯಲ್ಲಿ ಕಳೆಗಟ್ಟಿದ ವಿಧಾನ ಆಯಾ ಶಾಲೆಯ ಖಾಯಂ ಶಿಕ್ಷಕರ ಕೈಯಲ್ಲಿ ಸೊರಗಿತ್ತು. ಪಾಠದ ನಡುವೆ ಅನಿರೀಕ್ಷಿತ ಪ್ರಶ್ನೆ ಬಂದರೆ ಇಂಗ್ಲಿಷಿನಲ್ಲಿ ಸಂಭಾಳಿಸುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಅತ್ಯುತ್ತಮ ವಿಧಾನ ಎಂಬುದೇ ಇಲ್ಲ, ತಾನು ಮಾಡುತ್ತಿರುವುದು ಯಾಕೆ ಫಲಿಸುತ್ತದೆ ಎಂಬ ಶಿಕ್ಷಕರ ಜೀವಂತ ಅರಿವೇ ಮುಖ್ಯ ಎಂದು ಪ್ರಭು 1990ರಲ್ಲಿ ಬರೆದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ತೂಕದ ಮಾತು ಇದು. ತರಬೇತಿ ಕೇಂದ್ರಗಳು ಇದನ್ನು ಗೌರವದಿಂದ ಪಠ್ಯದಲ್ಲಿ ಸೇರಿಸಿಕೊಂಡು, ಅತ್ಯುತ್ತಮ ವಿಧಾನವನ್ನು ಹಂಚುವ ಕೆಲಸವನ್ನು ಮುಂದುವರಿಸಿದವು.

1986ರ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆಯಾಗಿ ಡಯಟ್ ಬಂತು, ಆಮೇಲೆ ಬ್ಲಾಕ್, ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳಾದ ಬಿಆರ್‌ಸಿ, ಸಿಆರ್‌ಸಿಗಳು ಬಂದವು. 2007ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಯಿತು. ಇಂಗ್ಲಿಷನ್ನು ಪರೀಕ್ಷೆಯ ಸಲುವಾಗಿಯಷ್ಟೇ ಓದಿದ್ದ ಸಾವಿರಾರು ಶಿಕ್ಷಕರು ರಾತ್ರಿ ಬೆಳಗಾಗುವುದರಲ್ಲಿ ಇಂಗ್ಲಿಷ್ ಶಿಕ್ಷಕರಾದರು. ಅವರಿಗೆ ಸಿಕ್ಕ ತರಬೇತಿಯಲ್ಲಿ ಹಾಡು, ಆಟ, ಅಭಿನಯ ಧಾರಾಳವಾಗಿದ್ದವು. ಮಗು ಓದಲು ಕಲಿಯುವುದು ಹೇಗೆ ಎಂಬುದು ತೆಳುವಾಗಿತ್ತು.

ಅಷ್ಟರಲ್ಲಿ ಓದಿನ ಶಾಸ್ತ್ರ ತನ್ನಷ್ಟಕ್ಕೆ ಬೆಳೆದಿತ್ತು. ಪರಭಾಷೆಯಲ್ಲಿ ಓದಲು ತಡವರಿಸುವವನ ತೊಂದರೆ ಓದಿನದೋ ಭಾಷೆಯದೋ ಎಂದು ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿ ಕೇಳಿದ್ದರು. ನಮ್ಮ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಗೆ ಮೂರನೆಯದೊಂದು ಕೊಂಬೆಯಿದೆ, ಅದು ಲಿಪಿ. ಬೆಂಗಳೂರಿನ ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ 2007ರಲ್ಲಿ ತೋರಿಸಿದ್ದು ಇದು: ಇಂಗ್ಲಿಷ್ ಮಗು 26 ಅಕ್ಷರಗಳನ್ನು ಬೇಗ ಮುಗಿಸಿದರೆ, ಗುಣಿತ, ಒತ್ತಕ್ಷರ ಸೇರಿ ನಾನೂರಕ್ಕೂ ಮಿಕ್ಕ ಕನ್ನಡ ಅಕ್ಷರಗಳನ್ನು ಕರಗತ ಮಾಡಿಕೊಳ್ಳುವುದು ನಾಲ್ಕನೆಯ ತರಗತಿಯವರೆಗೂ ನಡೆಯುವ ಕೆಲಸ. ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಅರಿವೂ ಕನ್ನಡದ ಮಕ್ಕಳಲ್ಲಿ ನಿಧಾನವಾಗಿ ಮೂಡುತ್ತದೆ.

ಇದು ತರಗತಿಯಲ್ಲಿ ಕಾಣುವ ಬಗೆಯನ್ನು ಯಾವ ಮೇಷ್ಟ್ರೂ ಬಲ್ಲರು. ‘ಕ’ ಎಂದು ಬರೆದರೆ ‘ಕ’ ಎಂದೇ ಓದು. ಬರೆದದ್ದೇ ಹೆಸರು, ಹೆಸರೇ ಉಚ್ಚಾರ. ಇದೇ ನಂಬಿಕೆಯಿಂದ ಮಗು ಸಿ, ಎ, ಟಿ ಎಂದು ಹೇಳಿ ‘ಕ್ಯಾಟ್’ ಎಂದು ರಾಗವಾಗಿ ಮುಗಿಸುತ್ತದೆ. ಸಿ, ಎ, ಟಿ ಎಂಬ ಮೂರು ಹೆಸರುಗಳಲ್ಲಿ ಕ್ಯಾಟ್ ಎಲ್ಲಿಯೂ ಇಲ್ಲ! ಮಗು ಓದಲಿಲ್ಲ, ನೆನಪಿನಿಂದ ಒಪ್ಪಿಸಿತು. ಹೊಸ ಪದ ಬಂದರೆ ನಿಂತುಬಿಡುತ್ತದೆ. ಆಗ ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವ ಉಪಾಯ. ಮಗು ಪಾರಾಗುತ್ತದೆ, ಕಣ್ಣು ಮಾತ್ರ ಕೆಳಗಿನ ಸಾಲಿಗೆ ಇಳಿಯುವುದೇ ಇಲ್ಲ. ಹೈಸ್ಕೂಲಿನಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ: ಮೇಷ್ಟ್ರು ಜೋರಾಗಿ ಓದಿ, ಕನ್ನಡದಲ್ಲಿ ಸಾರಾಂಶ ಹೇಳಿ, ಪ್ರಶ್ನೋತ್ತರ ಬರೆಸುತ್ತಾರೆ. ಪಾಠ ಮುಗಿಯುತ್ತದೆ, ಒಬ್ಬ ವಿದ್ಯಾರ್ಥಿಯೂ ಒಂದು ಪುಟ ಓದಿರುವುದಿಲ್ಲ. ಆ ಉತ್ತರಗಳಿಂದಲೇ ಎಸ್ಸೆಸ್ಸೆಲ್ಸಿ ಪಾಸಾಗಬಹುದಾದ್ದರಿಂದ ಯಾರಿಗೂ ಕೊರತೆ ಕಾಣುವುದಿಲ್ಲ.

ಕೊರತೆ ಕಾಣುವಂತೆ ಮಾಡಿದ್ದು 2005ರಿಂದ ‘ಪ್ರಥಮ್’ ಬಳಗ ನಡೆಸುತ್ತ ಬಂದ ಅಸರ್ ಸಮೀಕ್ಷೆ. ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದು ಎನ್ನುವಷ್ಟು ಸರಳ ಪರೀಕ್ಷೆ ಅದು. 2022ರ ವರದಿಯಂತೆ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ತಮ್ಮ ಭಾಷೆಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇ. 42.8, ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಸುಮಾರು ಕಾಲು ಭಾಗ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆಲ್ಡರ್ಸನ್ನರ ಪ್ರಶ್ನೆಗೆ ನಮ್ಮ ಉತ್ತರ ಹೊಳೆಯುತ್ತದೆ. ಕನ್ನಡದ ಓದು ಗಟ್ಟಿಯಾಗದ ಮಗುವಿನ ಮೇಲೆ ಇಂಗ್ಲಿಷ್ ಹೇರಿದರೆ ಎರಡೂ ಕೈತಪ್ಪುತ್ತವೆ. ತರಗತಿ ಯಾವುದೆಂದು ನೋಡದೆ, ಓದಿನ ಮಟ್ಟ ನೋಡಿ ಗುಂಪು ಮಾಡಿ ಕಲಿಸುವ ‘ಪ್ರಥಮ್’ ಕ್ರಮ ‘ಓದು ಕರ್ನಾಟಕ’ದ ಮೂಲಕ ನಮ್ಮ ನಾಲ್ಕು, ಐದನೆಯ ತರಗತಿಗಳಿಗೂ ಬಂತು. 2021ರ ನಿಪುಣ್ ಭಾರತ್ ಯೋಜನೆಯಂತೂ ಮೂರನೆಯ ತರಗತಿಯ ಮಗು ನಿಮಿಷಕ್ಕೆ 60 ಪದ ಅರ್ಥ ಸಹಿತ ಓದಬೇಕೆಂದು ಅಳತೆಯನ್ನೇ ಇಟ್ಟಿತು. ಮಾರುದ್ದದ ಸಂಧಿ, ಸಮಾಸ, ಪ್ರತ್ಯಯಗಳ ಕನ್ನಡದಲ್ಲಿ ಪದದ ಎಣಿಕೆ ಇಂಗ್ಲಿಷಿನಂತಲ್ಲ ಎಂಬ ತಕರಾರು ನನ್ನದು. ಆದರೂ ಓದು ಎಂಬುದು ಗುರಿಯಾಗಿ ಕಡತದಲ್ಲಿ ಕಾಣಿಸಿಕೊಂಡದ್ದು ಸಣ್ಣ ಮಾತಲ್ಲ.

ಅಳೆಯುವುದರಿಂದ ಓದು ಬೆಳೆಯುವುದಿಲ್ಲ, ಪುಸ್ತಕದಿಂದ ಬೆಳೆಯುತ್ತದೆ. 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪದ ಹಳ್ಳಿಶಾಲೆಗಳಲ್ಲಿ ವಾರ್ವಿಕ್ ಎಲೀ ಮತ್ತು ಫ್ರಾನ್ಸಿಸ್ ಮಂಗುಭಾಯಿ ತರಗತಿಗೆ 250ರಂತೆ ಚಿತ್ರಭರಿತ ಇಂಗ್ಲಿಷ್ ಕಥೆಪುಸ್ತಕ ಹಂಚಿದರು. ಎಂಟು ತಿಂಗಳಲ್ಲಿ ಆ ಮಕ್ಕಳ ಓದು ಎಂದಿನ ಎರಡು ಪಟ್ಟು ವೇಗದಲ್ಲಿ ಮುಂದುವರಿದಿತ್ತು. ವೆಸ್ಟ್ ಕಂಡಿದ್ದರೆ ಸಂತೋಷಪಡುತ್ತಿದ್ದರು. ನಮ್ಮಲ್ಲಿ ಪುಸ್ತಕದ ಕೊರತೆ ಈಗ ಅಂದಿನಷ್ಟಿಲ್ಲ. ಬೆಂಗಳೂರಿನ ‘ಪ್ರಥಮ್ ಬುಕ್ಸ್’ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಸಮಗ್ರ ಶಿಕ್ಷಣದಡಿ ಶಾಲಾ ಗ್ರಂಥಾಲಯಕ್ಕೆ ಪ್ರತಿವರ್ಷ 5,000ದಿಂದ 20,000 ರೂಪಾಯಿ ಅನುದಾನಕ್ಕೆ ಅವಕಾಶವಿದೆ.

ಪುಸ್ತಕವಿದ್ದರೆ ಸಾಲದು, ಮೇಷ್ಟ್ರೂ ಓದಬೇಕು. ಅದಕ್ಕೆ ತರಬೇತಿಯ ವೇಳಾಪಟ್ಟಿಯಲ್ಲಿ ಶಿಕ್ಷಕರು ತಾವೇ ಒಂದು ಇಂಗ್ಲಿಷ್ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಹರಟುವ ಒಂದು ಅವಧಿಯಾದರೂ ಬೇಕು. ವಿಧಾನದ ಸ್ಲೈಡುಗಳನ್ನು ಅಷ್ಟು ಕಡಿಮೆ ಮಾಡಿದರೆ ಸಮಯ ಸಿಗುತ್ತದೆ. ಜೊತೆಗೆ, ಕಳೆದುಹೋದ, ಹರಿದುಹೋದ ಪುಸ್ತಕವನ್ನು ಸ್ಟಾಕ್ ರಿಜಿಸ್ಟರಿನಿಂದ ತೆಗೆದುಹಾಕಲು ಮುಖ್ಯಶಿಕ್ಷಕರಿಗೆ ಸಲೀಸಾದ ದಾರಿ ಇರಬೇಕು. ಆಡಿಟ್ಟಿನ ಭಯದಲ್ಲಿರುವವರು ಬೀರುವಿಗೆ ಬೀಗ ಹಾಕುವುದು ಸಹಜ, ಆ ಬೀಗವನ್ನು ಯಾವ ಸಂಪನ್ಮೂಲ ವ್ಯಕ್ತಿಯೂ ತೆಗೆಸಲಾರ.