ಶಿಂಷೆಯ ಮರಳು, ಶಿಂಷೆಯ ಕಪ್ಪೆಚಿಪ್ಪು

ಮಂಡ್ಯ ಸೀಮೆಯ ನದಿಗಳ ಚರಿತ್ರೆಯನ್ನು ನಾವು ನೀರಿನ ಲೆಕ್ಕದಲ್ಲೇ ಬರೆದಿದ್ದೇವೆ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ. ಮರಳಿಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯಲು ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹರಿಯುವ ಶಿಂಷೆಯ ಕಪ್ಪೆಚಿಪ್ಪನ್ನು ನೋಡಬೇಕು. ಸ್ನಾಯುವಿನ ಪಾದದಿಂದ ಮರಳಲ್ಲಿ ಹೂತುಕೊಂಡು, ನೀರನ್ನು ಸೋಸಿ ಪಾಚಿಕಣ ತಿನ್ನುವ ಜೀವಿ ಅದು. ಅದರ ಮರಿಗಳು ಕೆಲಕಾಲ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆದು, ನಂತರ ತಳಕ್ಕೆ ಉದುರುತ್ತವೆ. ಹಾಗಾಗಿ ಮೀನಿನ ದಾರಿ ಕಟ್ಟಿದರೆ ಚಿಪ್ಪಿನ ದಾರಿಯೂ ಕಟ್ಟುತ್ತದೆ.

ಕಟ್ಟಡಕ್ಕೆಂದು ಹೊಳೆಯ ಮರಳು ತೆಗೆದರೆ ಚಿಪ್ಪು ಹೂತುಕೊಳ್ಳುವ ನೆಲೆಯೇ ಹೋಗುತ್ತದೆ. ಪ್ರವಾಹ ಬಂದಾಗಲೆಲ್ಲ ಮರಳು ಕೊಚ್ಚಿಹೋಗುತ್ತಿತ್ತಲ್ಲ, ಲಾರಿಗೆ ತುಂಬಿ ಒಯ್ದರೇನು ಎನ್ನುವವರಿದ್ದಾರೆ. ಕಡಲ ದಂಡೆಯ ಸಣ್ಣ ಚಿಪ್ಪುಗಳು ಅಲೆ ಕೆದಕಿದರೂ ಬೇಗನೆ ಮತ್ತೆ ಹೂತುಕೊಳ್ಳುತ್ತವೆ, ನಿಜ. ಅವುಗಳ ಮರಿಗಳನ್ನು ಕಡಲೇ ಹೊತ್ತು ಹರಡುತ್ತದೆ. ಹೊಳೆಯ ಚಿಪ್ಪಿಗೆ ಆ ಅನುಕೂಲವಿಲ್ಲ. ಪ್ರವಾಹವು ಒಂದೆಡೆ ಕಿತ್ತ ಮರಳನ್ನು ಇನ್ನೊಂದೆಡೆ ಹಾಸುತ್ತಿತ್ತು; ಕಟ್ಟಡಕ್ಕೆ ಹೋದದ್ದು ಹೊಳೆಗೆ ಹಿಂತಿರುಗುವುದಿಲ್ಲ. ಮೇಲಿನಿಂದ ಬರಬೇಕಾದ ಹೊಸ ಮರಳನ್ನು ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಅಣೆಕಟ್ಟು ತಡೆಯುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯದು: ನಾಲೆಯ ನೀರು ತುಂಬಿದ ಕೆರೆಗಳಲ್ಲಿ ಚಿಪ್ಪು ಬದುಕಿದೆಯಲ್ಲ? ನಿಂತ ನೀರು, ಕೆಸರು ಒಗ್ಗುವ ಜಾತಿಗಳಿಗೆ ಕೆರೆ ಆಸರೆ ಹೌದು. ಹರಿವನ್ನೇ ನಂಬಿದವಕ್ಕೆ ಅಲ್ಲ. ನೀರಾವರಿ ಈ ಸೀಮೆಯ ಹೊಟ್ಟೆ ತುಂಬಿಸಿದ್ದನ್ನು ಅಲ್ಲಗಳೆಯಲಾಗದು. ಆದರೆ ಹೊಳೆ ಎಂದರೆ ನೀರಷ್ಟೇ ಎಂದು ಎಣಿಸಿದ್ದು ತಪ್ಪು. ಶಿಂಷೆಯ ಪಾತ್ರದಲ್ಲಿ ಉಳಿದಿರುವ ಮರಳನ್ನು ಅಲ್ಲೇ ಬಿಡಬೇಕು.